ಊಟದ ಮೇಜಿನ ಸುತ್ತ ಕೂಡುವ ಸಭೆ: ಮಂಗಳೂರಿನ ಒಂದು ಮನೆಕೂಟದ ವಿಮರ್ಶೆ

ಹೋಟೆಲು, ಆಸ್ಪತ್ರೆ, ಕೋಚಿಂಗ್ ಕ್ಲಾಸುಗಳ ಗುಣದೋಷಗಳನ್ನು ಬರೆದು ಹಾಕುವುದು ಮಂಗಳೂರಿನಲ್ಲಿ ಎಲ್ಲರಿಗೂ ರೂಢಿಯಾಗಿದ್ದರೂ, ದೀಕ್ಷಾಸ್ನಾನದಿಂದ ದಫನದವರೆಗೆ ನಮ್ಮ ಲೆಕ್ಕವನ್ನೆಲ್ಲ ಇಟ್ಟುಕೊಂಡಿರುವ ಕ್ರೈಸ್ತ ಸಭೆಯ ಕುರಿತು ಹಾಗೆ ಬರೆಯುವವರು ಕಡಿಮೆ. ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ಸ್ಕೂಟರಿಗೆ ಒರಗಿ ನಿಂತು ಗೊಣಗಿದರೆ ನಮ್ಮ ವಿಮರ್ಶೆ ಅಲ್ಲಿಗೆ ಮುಗಿಯುತ್ತದೆ. ಆ ಸಂಕೋಚವನ್ನು ಬದಿಗಿಟ್ಟು, ಕಂಕನಾಡಿ ಕಡೆಯ ಅಪಾರ್ಟ್‌ಮೆಂಟೊಂದರಲ್ಲಿ ಭಾನುವಾರ ಸಂಜೆ ಸೇರುವ, ಸಭೆಯೆಂದರೆ ಹೇಗಿರಬೇಕೆಂಬುದನ್ನು ಮೊದಲಿನಿಂದ ಯೋಚಿಸುತ್ತಿದ್ದೇವೆ ಎಂದು ತನ್ನನ್ನು ಪರಿಚಯಿಸಿಕೊಳ್ಳುವ ಮನೆಕೂಟವೊಂದನ್ನು, ಅಲ್ಲಿಗೆ ಕೆಲಕಾಲದಿಂದ ಹೋಗಿಬರುತ್ತಿರುವವಳಾಗಿ ಇಲ್ಲಿ ಪರಿಶೀಲಿಸಿದ್ದೇನೆ. ಕೂಟಕ್ಕೆ ಹೆಸರಿಲ್ಲ, ಬೋರ್ಡು, ಲೆಟರ್‌ಹೆಡ್, ಟ್ರಸ್ಟು ಯಾವುದೂ ಇಲ್ಲ. ಹೆಸರಿಟ್ಟ ದಿನವೇ ಪದಾಧಿಕಾರಿಗಳು ಹುಟ್ಟಿಕೊಳ್ಳುತ್ತಾರೆ ಎಂಬುದು ಅವರ ಸಮಜಾಯಿಷಿ. ನಮ್ಮೂರಿನ ಸಂಘಸಂಸ್ಥೆಗಳನ್ನು ಕಂಡವರಿಗೆ ಇದನ್ನು ಅಲ್ಲಗಳೆಯುವುದು ಕಷ್ಟ.

ಇದರ ಹುಟ್ಟು ಕೋವಿಡ್ ಕಾಲದ್ದು. 2020ರ ಮಾರ್ಚ್ ಕೊನೆಯಲ್ಲಿ ಮುಚ್ಚಿದ ಚರ್ಚುಗಳ ಬಾಗಿಲು ತೆರೆಯಲು ರಾಜ್ಯದಲ್ಲಿ ಜೂನ್ 8ರವರೆಗೆ ಅನುಮತಿ ಸಿಗಲಿಲ್ಲ. ತೆರೆದ ಮೇಲೂ ಬಹುಕಾಲ ವಯಸ್ಸಾದವರು ಮನೆಯಲ್ಲೇ ಉಳಿದರು. ಆ ತಿಂಗಳುಗಳಲ್ಲಿ ಮೊಬೈಲಿನಲ್ಲಿ ಆರಾಧನೆ ನೋಡಿದ ಅನೇಕರಿಗೆ ಒಂದು ಮುಜುಗರದ ಸಂಗತಿ ಹೊಳೆಯಿತು: ಭಾನುವಾರದಂದು ನಮ್ಮ ಪಾಲಿಗಿರುವುದು ಕುಳಿತು ನೋಡುವ ಕೆಲಸವಷ್ಟೇ ಆಗಿದ್ದರೆ, ಅದನ್ನು ಚರ್ಚಿನ ಬೆಂಚಿನ ಮೇಲೆ ಮಾಡಿದರೂ ಮನೆಯ ಸೋಫಾದ ಮೇಲೆ ಮಾಡಿದರೂ ಹೆಚ್ಚಿನ ವ್ಯತ್ಯಾಸವೇನೂ ಇಲ್ಲ. ಕೂಟವನ್ನು ಆರಂಭಿಸಿದ ನಾಲ್ಕೈದು ಕುಟುಂಬಗಳು ಈ ಮುಜುಗರವನ್ನು ಮರೆಯಲು ಒಪ್ಪಲಿಲ್ಲ. ಈಗ ಅಲ್ಲಿಗೆ ಇಪ್ಪತ್ತು ಇಪ್ಪತ್ತೈದು ಜನ ಬರುತ್ತಾರೆ. ಹೆಚ್ಚಿನವರು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಹಿನ್ನೆಲೆಯವರು. ಕೆಲವರು ಕಥೋಲಿಕರು, ಒಂದೆರಡು ಮನೆಯವರು ಪೆಂಟೆಕೋಸ್ಟಲ್ ಪಂಗಡಗಳಿಂದ ಬಂದವರು. ವೇತನ ಪಡೆಯುವ ಪಾಸ್ಟರ್ ಇಲ್ಲ. ಪ್ರತಿ ವಾರ ಬೇರೊಬ್ಬರು ಕೂಟವನ್ನು ನಡೆಸಬೇಕೆಂಬುದು ನಿಯಮ.

ಸಂಜೆ ಐದಕ್ಕೆ ಮೂರನೆಯ ಮಹಡಿಯ ಮೆಟ್ಟಿಲಿನ ಮೇಲೆ ಚಪ್ಪಲಿಗಳ ಸಾಲು ಬೆಳೆಯತೊಡಗುತ್ತದೆ. ಮನೆಯವರು ಅಪಾರ್ಟ್‌ಮೆಂಟಿನ ಅಸೋಸಿಯೇಶನ್ನಿಗೆ ಮೊದಲೇ ಬರೆದು ತಿಳಿಸಿದ್ದಾರೆ. ಏಳು ಗಂಟೆಯ ಮೇಲೆ ಹಾಡಿಲ್ಲ, ಮೈಕ್ ಎಂಬುದಂತೂ ಇಲ್ಲವೇ ಇಲ್ಲ. 2008ರ ಸೆಪ್ಟೆಂಬರಿನಲ್ಲಿ ಈ ಜಿಲ್ಲೆಯ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದುದನ್ನು ಕಣ್ಣಾರೆ ಕಂಡವರು ಕೂಟದಲ್ಲಿರುವುದರಿಂದ ಈ ಎಚ್ಚರ ಅತಿಯೆನಿಸುವುದಿಲ್ಲ. ಕುರ್ಚಿಗಳನ್ನು ಸಾಲಾಗಿ ಇಡದೆ ಸುತ್ತಲೂ ಇಟ್ಟಿರುವುದರಿಂದ ಯಾರ ಬೆನ್ನೂ ಯಾರಿಗೂ ಕಾಣುವುದಿಲ್ಲ. ಹಳೆಯ ಸಭೆಯಲ್ಲಿ ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತ ನನಗೆ, ಮುಂದಿನ ಬೆಂಚಿನವರ ಕೊರಳ ಹಿಂಭಾಗವೇ ಅವರ ಮುಖಕ್ಕಿಂತ ಹೆಚ್ಚು ಪರಿಚಿತವಾಗಿತ್ತು ಎಂಬುದು ಇಲ್ಲಿ ಕೂತ ಮೇಲೆಯೇ ಗಮನಕ್ಕೆ ಬಂದದ್ದು.

ಹಾಡಿನ ವಿಷಯದಲ್ಲಿ ನನ್ನ ತಕರಾರಿದೆ. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ನಡೆಯುತ್ತಿದ್ದ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಬಿಟ್ಟುಹೋದ ಸಂಗೀತಗಳನ್ನು ನಾಲ್ಕು ಸ್ವರಗಳಲ್ಲಿ ಹಾಡಬಲ್ಲವರು ಈ ಕೋಣೆಯಲ್ಲೇ ಆರೇಳು ಮಂದಿ ಇದ್ದಾರೆ. ಆದರೂ ಗಿಟಾರಿನ ಜೊತೆ ಒಂದೇ ಸಾಲನ್ನು ಹನ್ನೆರಡು ಸಲ ಹೇಳುವ ಕೋರಸುಗಳಿಗೇ ಇಲ್ಲಿ ಪ್ರಾಶಸ್ತ್ಯ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾದ ಊರಿನಲ್ಲಿ, ಚಹಾ ಕುಡಿಯುವಾಗ ತುಳುವಿನಲ್ಲೇ ನಗುವ ಜನ ಪ್ರಾರ್ಥಿಸಲು ತೊಡಗಿದೊಡನೆ ಇಂಗ್ಲಿಷಿಗೆ ಹಾರುವುದನ್ನು ಹೊಸ ಚಿಂತನೆ ಎಂದು ಒಪ್ಪಲು ನನ್ನಿಂದಾಗದು. ಈ ಬಗ್ಗೆ ಒಮ್ಮೆ ಹೇಳಿದ ಮೇಲೆ, ಮುಂದಿನ ವಾರಗಳಲ್ಲಿ ಒಂದು ತುಳು ಗೀತೆ ಸೇರಿಕೊಂಡಿತು. ಹೇಳಿದ್ದು ಬದಲಾವಣೆಯಾಗಿ ಹಿಂದಿರುಗಲು ವಾರ್ಷಿಕ ಮಹಾಸಭೆಯವರೆಗೆ ಕಾಯಬೇಕಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಬೈಬಲ್ ವಾಕ್ಯದ ಭಾಗಕ್ಕೆ ಬಂದರೆ, ಇಪ್ಪತ್ತು ನಿಮಿಷದ ಪ್ರಸಂಗದ (ಬೋಧನೆಯ) ಬದಲು ಇಲ್ಲಿ ಒಂದು ಅಧ್ಯಾಯವನ್ನು ಓದಿ, ಓದಿದ್ದರಲ್ಲಿ ಅರ್ಥವಾಗದ್ದು ಯಾವುದು ಎಂದು ಮೊದಲು ಕೇಳುತ್ತಾರೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ, ನೀವು ಕೂಡಿಬರುವಾಗ ಒಬ್ಬನಿಗೆ ಹಾಡು, ಒಬ್ಬನಿಗೆ ಉಪದೇಶ, ಒಬ್ಬನಿಗೆ ಮತ್ತೊಂದು ಇರುತ್ತದೆ ಎಂದು ಅಪೊಸ್ತಲ ಪೌಲ ಬರೆಯುವ ಮಾತನ್ನು ಇವರು ತಮ್ಮ ಪದ್ಧತಿಗೆ ಆಧಾರವಾಗಿ ಹೇಳುತ್ತಾರೆ. ಆಧಾರ ಗಟ್ಟಿಯಾದುದೇ. ಮೀನಿನ ದಕ್ಕೆಯಲ್ಲಿ ಲೆಕ್ಕ ಬರೆಯುವ ಯುವಕನೊಬ್ಬ ಸಾಲ ಮನ್ನಾ ಮಾಡುವ ಒಡೆಯನ ಸಾಮ್ಯದ ಬಗ್ಗೆ ಕೇಳಿದ ಪ್ರಶ್ನೆಗೆ ಅಂದು ಯಾರಿಂದಲೂ ಸರಿಯಾದ ಉತ್ತರ ಬರಲಿಲ್ಲ. ಉತ್ತರವಿಲ್ಲವೆಂದು ಒಪ್ಪಿಕೊಂಡೇ ಎದ್ದೆವು. ಪೀಠದ ಮೇಲಿಂದ ಮಾತಾಡುವವರಿಗೆ ಇಂಥ ಸೌಲಭ್ಯವಿಲ್ಲ. ಆದರೆ ಪಾಸ್ಟರ್ ಇಲ್ಲದಿರುವಲ್ಲಿ ಪಾಸ್ಟರ್ ಹುಟ್ಟುತ್ತಾರೆ ಎಂಬುದಕ್ಕೂ ಈ ಕೂಟವೇ ಸಾಕ್ಷಿ. ನಿವೃತ್ತ ಅಧ್ಯಾಪಕರೊಬ್ಬರು ಯಾರ ಸರದಿಯಿದ್ದರೂ ಕೊನೆಯ ಹದಿನೈದು ನಿಮಿಷ ತಾವೇ ಮಾತಾಡುತ್ತಾರೆ, ಮತ್ತು ಅವರು ಆಡಿದ್ದೇ ಆ ದಿನದ ತೀರ್ಮಾನವಾಗಿಬಿಡುತ್ತದೆ. ಸಂಬಳ ಪಡೆಯುವ ಸಭಾಪಾಲಕರನ್ನು ಸಮಿತಿಯಲ್ಲಿ ಪ್ರಶ್ನಿಸಬಹುದು, ವರ್ಗಾವಣೆಗೆ ಬಿಷಪರಿಗೆ ಅರ್ಜಿ ಬರೆಯಬಹುದು. ಹುದ್ದೆಯೇ ಇಲ್ಲದ ಹಿರಿಯರನ್ನು ಯಾವ ಹುದ್ದೆಯಿಂದ ಇಳಿಸುವುದು?

ಈ ಕೂಟದ ಹೆಗ್ಗಳಿಕೆ ಎಂದು ಎಲ್ಲರೂ ಹೇಳುವುದು ಊಟ. ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ ಮುರಿಯುವುದನ್ನು ಪ್ರತ್ಯೇಕ ವಿಧಿಯಾಗಿಡದೆ ಊಟದ ಆರಂಭವಾಗಿ ಮಾಡುತ್ತಾರೆ: ಬೇಕರಿಯ ಸಾದಾ ಬ್ರೆಡ್ಡು, ಮನೆಯಲ್ಲಿ ಕುದಿಸಿ ಸೋಸಿದ ದ್ರಾಕ್ಷಿ ರಸ, ಒಂದು ಪ್ರಾರ್ಥನೆ, ಅದರ ಬೆನ್ನಿಗೇ ಕುಚ್ಚಲಕ್ಕಿ ಗಂಜಿ, ತಿಮರೆ ಚಟ್ನಿ, ಒಣ ಸಿಗಡಿ, ಬಸಳೆಯ ಗಸಿ. ಕರ್ತನ ಭೋಜನ ಮೊದಲು ನಿಜವಾದ ಊಟವೇ ಆಗಿತ್ತೆಂಬುದನ್ನು ಪುಸ್ತಕದಲ್ಲಿ ಓದಿದವರು ಬೇಕಾದಷ್ಟಿದ್ದಾರೆ. ಅದನ್ನು ನಾಲಿಗೆಯ ಮೇಲೆ ತಿಳಿಯುವುದು ಬೇರೆ. ಊಟದ ನಂತರ ಪಾತ್ರೆ ತೊಳೆಯುವವರು ಗಂಡಸರು, ಮತ್ತು ಇದನ್ನು ಯಾರೂ ದೊಡ್ಡ ಕ್ರಾಂತಿಯಂತೆ ಹೇಳಿಕೊಳ್ಳುವುದಿಲ್ಲ.

ಆದರೆ ಅಡುಗೆ ಮಾಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನಾನು ಹೋದ ಆರಂಭದ ದಿನಗಳಲ್ಲೊಮ್ಮೆ ನೀರು ಕುಡಿಯಲು ಒಳಗೆ ಹೋದಾಗ, ಮಧ್ಯವಯಸ್ಸಿನ ಹೆಂಗಸೊಬ್ಬರು ಮಿಕ್ಸಿಯ ಸದ್ದು ಹೊರಗೆ ಕೇಳಬಾರದೆಂದು ಅಡುಗೆಮನೆಯ ಬಾಗಿಲು ಎಳೆದುಕೊಂಡು ತೆಂಗಿನಕಾಯಿ ಅರೆಯುತ್ತಿದ್ದರು. ನೀವೂ ಬಂದು ಕೂತುಕೊಳ್ಳಿ ಎಂದೆ. "ನನಗೆ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಆಗಿದೆ ಬಾಯಿ, ಇಲ್ಲಿ ಇದು ಕೆಲಸ" ಎಂದರು. ಆ ಹೊತ್ತಿಗೆ ಹೊರಗಿನ ಕೋಣೆಯಲ್ಲಿ ಓದುತ್ತಿದ್ದುದು ಅದೇ ಕೊರಿಂಥದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ; ಉಳ್ಳವರು ಮುಂಚೆ ಉಂಡು ಮುಗಿಸಿ ಇಲ್ಲದವರನ್ನು ನಾಚಿಸುತ್ತಾರೆ ಎಂದು ಪೌಲ ಕೊರಿಂಥದವರನ್ನು ಗದರುವ ಭಾಗ. ಮನೆಗಳಲ್ಲಿ ಕೂಡುತ್ತಿದ್ದ ಆ ಸಭೆಗೆ ತಗಲಿದ ರೋಗ ಮನೆಯಿಂದಲೇ ಬಂದದ್ದು: ಮನೆಗೆ ಒಡೆಯನಿರುತ್ತಾನೆ, ಆಳಿರುತ್ತಾರೆ, ಪಂಕ್ತಿಯಿರುತ್ತದೆ. ಚರ್ಚಿನ ಕಟ್ಟಡವನ್ನು ಬಿಟ್ಟು ಮನೆಗೆ ಬಂದರೆ ಸರಳತೆ ತಾನಾಗಿ ಬರುತ್ತದೆಂದು ನಂಬುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಈ ವಿಷಯವನ್ನು ಕೂಟದಲ್ಲಿ ಎತ್ತಿದ ಮೇಲೆ ಪ್ರತಿಯೊಂದು ಮನೆಯವರೂ ಒಂದೊಂದು ಪದಾರ್ಥ ತರಬೇಕೆಂದು ತೀರ್ಮಾನವಾಗಿದೆ. ತೀರ್ಮಾನ ಎಲ್ಲ ವಾರಗಳಲ್ಲೂ ಪಾಲನೆಯಾಗುವುದಿಲ್ಲ. ಆ ಹೆಂಗಸು ಈಗಲೂ ಬರುತ್ತಾರೆ.

ಹಣದ ವಿಷಯದಲ್ಲಿ ಮಾತ್ರ ಯಾವ ಹಳೆಯ ಸಭೆಯೂ ಈ ಕೂಟಕ್ಕೆ ಸರಿಸಾಟಿಯಾಗಲಾರದು. ಫ್ರಿಜ್ಜಿನ ಪಕ್ಕದ ಗೋಡೆಗೆ ನೂರು ಪುಟದ ನೋಟ್‌ಬುಕ್ಕೊಂದನ್ನು ದಾರದಲ್ಲಿ ತೂಗುಹಾಕಿದ್ದಾರೆ. ಆ ವಾರ ಡಬ್ಬಿಗೆ ಬಿದ್ದ ಕಾಣಿಕೆ ಎಷ್ಟು, ಯಾವ ಆಸ್ಪತ್ರೆಯ ಯಾವ ಬಿಲ್ಲಿಗೆ ಎಷ್ಟು ಹೋಯಿತು, ಯಾರ ಮಗನ ಶುಲ್ಕಕ್ಕೆ ಎಷ್ಟು ಕೊಟ್ಟೆವು ಎಂಬುದನ್ನು ಅದರಲ್ಲಿ ಬರೆದಿದ್ದಾರೆ. ಪಡೆದವರ ಹೆಸರಿನ ಜಾಗದಲ್ಲಿ ಒಂದು ಗುರುತು ಮಾತ್ರ. ಯಾರು ಎಷ್ಟು ಕೊಟ್ಟರು ಎಂಬುದು ಎಲ್ಲಿಯೂ ಇಲ್ಲ. ಬೆಳೆ ಹಬ್ಬದ ಏಲಂನಲ್ಲಿ ಒಂದು ಹಲಸಿನ ಹಣ್ಣಿಗೆ ಯಾರು ಎಷ್ಟು ಕೂಗಿದರೆಂಬುದನ್ನು ವರ್ಷವಿಡೀ ನೆನಪಿಟ್ಟುಕೊಳ್ಳುವ, ಬೆಂಚು, ಫ್ಯಾನು, ಗಡಿಯಾರಗಳ ಮೇಲೆ ದಾನಿಗಳ ಹೆಸರು ಕೆತ್ತಿಸುವ ನಮಗೆ ಇದು ಹೊಸದು. ಕಟ್ಟಡದ ದುರಸ್ತಿ, ವೇತನ, ಆಡಿಟ್ ಶುಲ್ಕ ಯಾವುದೂ ಇಲ್ಲದ ಕಾರಣ ಬಂದದ್ದರಲ್ಲಿ ಬಹುಪಾಲು ಅಗತ್ಯವಿದ್ದವರಿಗೆ ಹೋಗುತ್ತದೆ. ಆ ಕಾರಣವೇ ಮುಂದೆ ಬರುವ ಒಂದು ಕೊರತೆಗೂ ಮೂಲ.

ಇಷ್ಟನ್ನೂ ನೋಡಿ ಇದೆಲ್ಲ ಹೊಸದೆಂದು ಭಾವಿಸಿದರೆ ನಮ್ಮ ಊರಿನ ಚರಿತ್ರೆಗೆ ಅನ್ಯಾಯ ಮಾಡಿದಂತಾಗುತ್ತದೆ. ನಿಜವಾಗಿ ಕ್ರೈಸ್ತರಾಗಿ ಬಾಳಬಯಸುವವರು ಯಾವುದಾದರೊಂದು ಮನೆಯಲ್ಲಿ ಕೂಡಿ ಪ್ರಾರ್ಥಿಸಿ, ಓದಿ, ಬಡವರಿಗೆ ಕೊಡುವ ಒಂದು ವ್ಯವಸ್ಥೆಯನ್ನು ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1526ರಲ್ಲೇ ಬರೆದಿದ್ದರು; ಅದನ್ನು ಆರಂಭಿಸಲು ಬೇಕಾದ ಜನ ತಮಗಿನ್ನೂ ಸಿಕ್ಕಿಲ್ಲವೆಂದೂ ಸೇರಿಸಿದ್ದರು. ಫ್ರಾಂಕ್‌ಫರ್ಟಿನಲ್ಲಿ ಲೂಥರನ್ ಸಭಾಪಾಲಕ ಸ್ಪೇನರ್ 1670ರಲ್ಲಿ ತಮ್ಮ ಮನೆಯಲ್ಲೇ ಅಂಥ ಕೂಟವನ್ನು ಆರಂಭಿಸಿದರು. ಆ ಭಕ್ತಿಯ ಧಾರೆ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಆಳವಾಗಿ ಬೇರೂರಿದಾಗ ಅಲ್ಲಿಯ ಅಧಿಕೃತ ಸಭೆ ಮೊದಮೊದಲು ಗಾಬರಿಗೊಂಡಿತು. ಕೊನೆಗೆ 1743ರಲ್ಲಿ ಒಂದು ಆದೇಶ ಹೊರಡಿಸಿ, ಸಭಾಪಾಲಕರ ಅರಿವಿನಲ್ಲಿ, ಅವರ ಮೇಲ್ವಿಚಾರಣೆಯಲ್ಲಿ ಮನೆಕೂಟಗಳು ನಡೆಯಬಹುದೆಂದು ಒಪ್ಪಿಕೊಂಡಿತು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನ ಹಿಂದೆ ನಿಂತವರು ಇಂಥ ಕೂಟಗಳ ಜನ. ಅದರ ಮಿಶನರಿಗಳಾಗಿ 1834ರಲ್ಲಿ ಮಂಗಳೂರಿಗೆ ಬಂದಿಳಿದ ಹೆಬಿಕ್, ಎರಡು ವರ್ಷಗಳ ಬಳಿಕ ಬಂದ ಮೋಗ್ಲಿಂಗ್ ಇಬ್ಬರೂ ವುರ್ಟೆಂಬರ್ಗಿನವರು. ಆದ್ದರಿಂದ ಆ ಮಿಶನ್ ಕಟ್ಟಿದ, ಬಲ್ಮಠದ ಗುಡ್ಡದ ಮೇಲಿನ ಸಭೆಯ ಅಜ್ಜ ಒಂದು ಮನೆಕೂಟವೇ. ಕಂಕನಾಡಿಯ ಕೂಟ ಆ ಸಭೆಯಿಂದ ಹೊರಗೆ ಹೋಗುತ್ತಿದ್ದೇನೆ ಎಂದುಕೊಂಡು ಅದರ ಹಿತ್ತಿಲಿಗೇ ಬಂದಿದೆ.

ಇನ್ನು, ಸಭೆಯೆಂದರೆ ವಾರದ ಒಂದು ಗಂಟೆಯಾಗಬಾರದು, ಬದುಕೆಲ್ಲ ಹಂಚಿಕೊಳ್ಳುವಂತಿರಬೇಕು ಎಂದು ಕೂಟದ ಯುವಕರು ಉತ್ಸಾಹದಿಂದ ಹೇಳುವಾಗ, ನಮ್ಮ ಅಜ್ಜ ಅಜ್ಜಿಯರು ಅದನ್ನೂ ಮಾಡಿ ನೋಡಿದ್ದಾರೆಂದು ನೆನಪಿಸಬೇಕಾಗುತ್ತದೆ. ಮತಾಂತರವಾದವರಿಗೆ ಕುಟುಂಬದ ಆಸ್ತಿಯೂ ಕುಲದ ಕಸುಬೂ ಕೈತಪ್ಪುತ್ತಿದ್ದುದರಿಂದ ಮಿಶನ್ 1851ರಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಪ್ಲೆಬ್ಸ್ಟ್ ಅವರ ನೇತೃತ್ವದಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಕೆಲಸ, ವಸತಿ, ಮಕ್ಕಳ ಶಾಲೆ, ಆರಾಧನೆ ಎಲ್ಲವೂ ಒಂದೇ ಕೈಯಿಂದ ಬರುತ್ತಿದ್ದವು. ಅದರ ಬೆಚ್ಚಗಿನ ಸುಖ ಎಷ್ಟಿತ್ತೋ ಉಸಿರುಕಟ್ಟುವಿಕೆಯೂ ಅಷ್ಟೇ ಇತ್ತು, ಏಕೆಂದರೆ ಸಭೆಯ ಶಿಸ್ತಿಗೆ ಒಳಗಾದವನು ತನ್ನ ಅನ್ನದಾತನ ಎದುರಿಗೇ ನಿಲ್ಲಬೇಕಾಗುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನರನ್ನು ಹೊರಗೆ ಕಳಿಸಿ ಕಾರ್ಖಾನೆಗಳನ್ನು ವಶಪಡಿಸಿಕೊಂಡ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು, ಸಭೆಗಳು ಉಳಿದುವು. ಒಡೆಯನಿಲ್ಲದೆ ಸಭೆ ನಡೆಸುವುದನ್ನು ನಮ್ಮವರು ಕಲಿತದ್ದು ಆ ಅನಿವಾರ್ಯದಲ್ಲಿ. ಸಭಾ ಪರಿಪಾಲನಾ ಸಮಿತಿ, ತಿಂಗಳ ವಂತಿಗೆ, ವಾರ್ಷಿಕ ಲೆಕ್ಕಪತ್ರ ಎಂದು ಇಂದು ನಾವು ಬೇಸರದಿಂದ ಆಕಳಿಸುವ ಸಂಗತಿಗಳಿಗೆ ಈ ಹಿನ್ನೆಲೆಯಿದೆ.

ಕಥೋಲಿಕರ ವ್ಯವಸ್ಥೆಯನ್ನೂ ಇಲ್ಲಿ ಹೋಲಿಸಿ ನೋಡಬೇಕು. ಅವರಲ್ಲಿ ಪ್ರತಿ ಇಗರ್ಜಿಯೂ ವಾಡೊಗಳಾಗಿ (ವಾರ್ಡುಗಳಾಗಿ) ಹಂಚಿಹೋಗಿದ್ದು, ವಾಡೊಗೊಬ್ಬ ಮುಖಂಡ, ಅಂದರೆ ಗುರಿಕಾರರಿರುತ್ತಾರೆ. ಬೈಬಲ್ ಓದಲು, ಪ್ರಾರ್ಥಿಸಲು, ನೆರೆಯ ಕಷ್ಟ ವಿಚಾರಿಸಲು ಕಿರು ಕ್ರೈಸ್ತ ಸಮುದಾಯಗಳು ಸರದಿಯಂತೆ ಮನೆಗಳಲ್ಲಿ ಸೇರುತ್ತವೆ. ಏಷ್ಯಾದ ಬಿಷಪರ ಒಕ್ಕೂಟ 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗಿನಲ್ಲಿ ಸೇರಿದಾಗ ಸಭೆಯೆಂದರೆ ಇಂಥ ಸಮುದಾಯಗಳ ಸಮುದಾಯವಾಗಬೇಕೆಂದು ಹೇಳಿತ್ತು. 2021ರಲ್ಲಿ ಆರಂಭವಾಗಿ 2024ರ ಅಕ್ಟೋಬರಿನಲ್ಲಿ ಮುಗಿದ ಸಿನೊಡಿನ (ಕಥೋಲಿಕ ಸಭೆಯ ಜಾಗತಿಕ ಸಮಾಲೋಚನೆಯ) ಮೊದಲ ಹಂತದಲ್ಲಿ ಜಗತ್ತಿನಾದ್ಯಂತ ಧರ್ಮಪ್ರಾಂತ್ಯಗಳ ಸಾಮಾನ್ಯ ವಿಶ್ವಾಸಿಗಳ ಅಭಿಪ್ರಾಯವನ್ನೂ ಕೇಳಿದರು. ಕಾಗದದ ಮೇಲೆ ಇದು ನಮ್ಮ ಮನೆಕೂಟಕ್ಕಿಂತ ಮುಂದಿದೆ. ಕೂಟದಲ್ಲಿರುವ ಕಥೋಲಿಕ ದಂಪತಿಗಳನ್ನು ವಿಚಾರಿಸಿದರೆ, ತಮ್ಮ ವಾಡೊದ ಸಭೆಗಳು ಜಪಸರ, ಪ್ರಕಟಣೆ, ಹಬ್ಬದ ಚಂದಾ, ತಿಂಡಿ ಎಂಬ ಕ್ರಮದಲ್ಲಿ ಮುಗಿದುಹೋಗುತ್ತವೆಯೆಂದೂ, ಮನಸ್ಸಿನ ಭಾರ ಹೇಳಿಕೊಂಡರೆ ಅದು ಮರುದಿನ ಮೀನು ಮಾರುಕಟ್ಟೆಯಲ್ಲಿ ಕೇಳಿಸುತ್ತದೆಯೆಂದೂ ಹೇಳುತ್ತಾರೆ. ಇರಬಹುದು. ಆದರೂ ವಾಡೊದಲ್ಲಿ ಒಂದು ಗುಣವಿದೆ: ರಸ್ತೆಯ ಈ ಬದಿಯಲ್ಲಿ ಮನೆಯಿದ್ದರೆ ಸಾಕು, ಕುಡುಕನೂ ಕೋಪಿಷ್ಠನೂ ಹಾಸಿಗೆ ಹಿಡಿದವರೂ ಅದರ ಲೆಕ್ಕಕ್ಕೆ ಸೇರಿಯೇ ಸೇರುತ್ತಾರೆ.

ಕಂಕನಾಡಿಯ ಕೂಟಕ್ಕೆ ಸೇರಲು ಯಾರಾದರೂ ಕರೆಯಬೇಕು. ಕರೆಯುವವರು ತಮಗೆ ಇಷ್ಟವಾದವರನ್ನು ಕರೆಯುತ್ತಾರೆ. ಫಲವಾಗಿ ಇಲ್ಲಿರುವ ಹೆಚ್ಚಿನವರೂ ಸುಮಾರಾಗಿ ಒಂದೇ ವಯಸ್ಸಿನವರು, ಒಂದೇ ಬಗೆಯ ಕೆಲಸದವರು, ಒಂದೇ ಬಗೆಯ ಜೋಕಿಗೆ ನಗುವವರು. ದಕ್ಕೆಯ ಆ ಯುವಕನಂಥವರು ಬೆರಳೆಣಿಕೆಯಷ್ಟು. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಎಂಬತ್ತು ದಾಟಿದವರು ಬರುವ ಮಾತೇ ಇಲ್ಲ. ಮಕ್ಕಳನ್ನು ಒಳಕೋಣೆಯಲ್ಲಿ ಟಿವಿಯ ಮುಂದೆ ಕೂರಿಸುತ್ತಾರೆ. ಸಂಡೇ ಸ್ಕೂಲು ಎಷ್ಟೇ ಹಳತಾಗಿದ್ದರೂ ಬೈಬಲಿನ ಪುಸ್ತಕಗಳ ಹೆಸರನ್ನು ಸಾಲಾಗಿ ಬಾಯಿಪಾಠ ಮಾಡಿಸಿ, ಕ್ರಿಸ್ಮಸ್ ನಾಟಕದಲ್ಲಿ ಕುರುಬನ ಪಾತ್ರ ಕೊಟ್ಟು, ಮಗುವಿಗೆ ಸಭೆಯಲ್ಲಿ ತನ್ನದೊಂದು ಜಾಗವಿದೆಯೆಂದು ತಿಳಿಸುತ್ತದೆ. ಇಲ್ಲಿ ಅದರ ಬದಲಿಗೆ ಏನನ್ನೂ ಇಟ್ಟಿಲ್ಲ. ಜಗಳವಾದಾಗ ಏನಾಗುತ್ತದೆಂಬುದನ್ನೂ ಕಂಡಿದ್ದೇನೆ. ಒಂದು ಕುಟುಂಬಕ್ಕೂ ಮತ್ತೊಂದು ಕುಟುಂಬಕ್ಕೂ ಹಣದ ವ್ಯವಹಾರದಲ್ಲಿ ಮಾತು ಬೆಳೆಯಿತು. ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲ, ಯಾರೂ ಕೂರಿಸಿ ಮಾತಾಡಿಸಲೂ ಇಲ್ಲ, ವಾಟ್ಸ್‌ಆ್ಯಪ್ ಗುಂಪಿನಿಂದ ಒಂದು ಹೆಸರು ಕಡಿಮೆಯಾಯಿತು. ಹಳೆಯ ಸಭೆಯಲ್ಲಾಗಿದ್ದರೆ ಈ ಎರಡು ಕುಟುಂಬಗಳು ಮುಖ ತಿರುಗಿಸಿಕೊಂಡೇ ಇಪ್ಪತ್ತು ವರ್ಷ ಒಂದೇ ಪಾತ್ರೆಯಿಂದ ಪವಿತ್ರ ಭೋಜನ ತೆಗೆದುಕೊಂಡು, ಒಂದು ದಿನ ಮಕ್ಕಳ ಮದುವೆಯ ನೆಪದಲ್ಲಿ ಮಾತಾಡುತ್ತಿದ್ದವೇನೋ.

ಇನ್ನು ಸಾವಿನ ವಿಷಯ. ಕಳೆದ ಮಳೆಗಾಲದಲ್ಲಿ ಕೂಟದ ಸದಸ್ಯರಲ್ಲೊಬ್ಬರಾಗಿದ್ದ ಹಿರಿಯ ವಿಧುರರು ತೀರಿಕೊಂಡರು. ತಾವು ಹುಟ್ಟಿ ಬೆಳೆದ ಸಭೆಗೆ ಅವರು ವರ್ಷಗಳಿಂದ ಹೋಗಿರಲಿಲ್ಲ, ವಂತಿಗೆಯನ್ನೂ ಕಟ್ಟಿರಲಿಲ್ಲ. ಆಸ್ಪತ್ರೆಯ ಕೊನೆಯ ವಾರದಲ್ಲಿ ಕೂಟದವರು ಪಾಳಿ ಹಚ್ಚಿಕೊಂಡು ಹಗಲಿರುಳು ಕಾವಲು ಕೂತ ರೀತಿಯನ್ನು ಯಾವ ಸಭೆಯ ಯಾವ ಸಮಿತಿಯಿಂದಲೂ ನಾನು ಕಂಡಿಲ್ಲ. ದೇಹವನ್ನು ಮನೆಗೆ ತಂದ ರಾತ್ರಿ, ನಾಳೆ ಇವರನ್ನು ಎಲ್ಲಿ ಮಣ್ಣು ಮಾಡುವುದೆಂಬ ಪ್ರಶ್ನೆ ಎದುರಾದಾಗ ಕೋಣೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರ ದಫನಭೂಮಿ ಬಹುಮಟ್ಟಿಗೆ ಆಯಾ ಸಭೆಯ, ಆಯಾ ಇಗರ್ಜಿಯ ಸ್ವತ್ತು; ಅಲ್ಲಿ ಜಾಗ ಸಿಗಬೇಕಾದರೆ ರಿಜಿಸ್ಟರಿನಲ್ಲಿ ಹೆಸರಿರಬೇಕು. ಇಬ್ಬರು ಹೋಗಿ ಅವರ ಹಳೆಯ ಸಭೆಯ ಕಾರ್ಯದರ್ಶಿಯನ್ನು ಎಬ್ಬಿಸಿದರು. ರಟ್ಟು ಕಿತ್ತುಹೋದ ರಿಜಿಸ್ಟರಿನಲ್ಲಿ ತಂದೆಯ ಕುಟುಂಬದ ಪುಟದಡಿ, ಮಸುಕಾದ ನೀಲಿ ಶಾಯಿಯಲ್ಲಿ, ಅವರ ದೀಕ್ಷಾಸ್ನಾನದ ತಾರೀಕು ಸಿಕ್ಕಿತು. ಬಾಕಿಯನ್ನು ನೋಟ್‌ಬುಕ್ಕಿನ ಡಬ್ಬಿಯಿಂದ ಕಟ್ಟಿದರು. ಬಾಕಿ ಕಟ್ಟದಿದ್ದರೂ ಜಾಗ ಕೊಡುತ್ತಿದ್ದೆವು, ಮುಂದಿನವರು ಪ್ರಶ್ನೆ ಮಾಡಬಾರದೆಂದು ತೆಗೆದುಕೊಳ್ಳುತ್ತಿದ್ದೇವೆ ಎಂದು ಕಾರ್ಯದರ್ಶಿ ಹೇಳಿದರಂತೆ. ಮರುದಿನ ಸುರಿವ ಮಳೆಯಲ್ಲಿ, ಮಣ್ಣು ಕುಸಿಯದಂತೆ ಗುಂಡಿಗೆ ಹಲಗೆ ಕೊಟ್ಟು ನಿಂತವನು ಆ ಸಭೆಯ ಕೆಲಸದಾಳು. ಪ್ರಾರ್ಥನೆ ನಡೆಸಿದವರು ಕೂಟದಲ್ಲಿ ನಾವು ಆಗಾಗ ತಮಾಷೆ ಮಾಡುತ್ತಿದ್ದ ಸಭಾಪಾಲಕರು. ಕರಿ ಕಾಫಿ ಮಾಡಿಕೊಂಡು ಬಂದವರು ಸ್ತ್ರೀ ಸಂಘದವರು, ಅವರಲ್ಲಿ ಮೃತರನ್ನು ಬಲ್ಲವರು ಇಬ್ಬರೋ ಮೂವರೋ.

ಮದುವೆಯ ಮಾತೂ ಇದೇ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆಯನ್ನು ನೆರವೇರಿಸುವವರು ದೀಕ್ಷೆ ಪಡೆದ ಗುರುಗಳೋ, ಪರವಾನಗಿ ಹೊಂದಿದ ಬೋಧಕರೋ, ವಿವಾಹ ನೋಂದಣಿ ಅಧಿಕಾರಿಯೋ ಆಗಿರಬೇಕು. ಮನೆಯ ಹಾಲಿನಲ್ಲಿ ಕೂಡುವ ಹೆಸರಿಲ್ಲದ ಗುಂಪಿಗೆ ಆ ಅಧಿಕಾರವಿಲ್ಲ. ಹೀಗಾಗಿ ಕೂಟದ ಬಹುಪಾಲು ಸದಸ್ಯರು ಬೆಳಗಿನ ಹೊತ್ತು ಹಳೆಯ ಸಭೆಯಲ್ಲಿ ವಂತಿಗೆ ಕಟ್ಟಿ, ಮದುವೆಯ ಪ್ರಕಟಣೆಗೂ ಮಣ್ಣಿಗೂ ಬೇಕಾದ ಹಕ್ಕನ್ನು ಉಳಿಸಿಕೊಂಡು, ಸಂಜೆ ಇಲ್ಲಿಗೆ ಬಂದು ಆ ಸಭೆ ಸತ್ತಿದೆಯೆಂದು ವಿಷಾದಿಸುತ್ತಾರೆ. ನನ್ನ ಮುಖ್ಯ ಆಕ್ಷೇಪಣೆ ಇದು. ಎರಡು ದೋಣಿಗಳಲ್ಲಿ ಕಾಲಿಡುವುದನ್ನು ನಾನು ತಪ್ಪೆನ್ನುವುದಿಲ್ಲ, ನನ್ನ ಕಾಲೂ ಹಾಗೆಯೇ ಇದೆ. ಆದರೆ ಯಾವ ದೋಣಿಯ ತಳ ಗಟ್ಟಿಯಾಗಿರುವುದರಿಂದ ಇನ್ನೊಂದರಲ್ಲಿ ಹಾಯಾಗಿ ಕೂತಿದ್ದೇವೆಂಬುದನ್ನು ಹೇಳದಿರುವುದು ಅಪ್ರಾಮಾಣಿಕ. ಬಿಲ್ಲು, ಆಡಿಟು, ಕಾಂಪೌಂಡು ಗೋಡೆಯ ದುರಸ್ತಿ, ಸಮಾಧಿಸ್ಥಳದ ಹುಲ್ಲು ಕಡಿಸುವ ಕೂಲಿ ಇವನ್ನೆಲ್ಲ ಬೇರೆ ಯಾರೋ ಭರಿಸುತ್ತಿರುವುದರಿಂದಲೇ ಈ ಕೂಟದ ಡಬ್ಬಿ ಇಷ್ಟು ಹಗುರವಾಗಿ, ಇಷ್ಟು ಉದಾರವಾಗಿ ಇರಲು ಸಾಧ್ಯವಾಗಿದೆ. ಉಡುಪಿಯಲ್ಲಿ ಡಾ. ಇವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆಯಂಥದ್ದು ನೂರು ವರ್ಷ ದಾಟಿ ಬಾಗಿಲು ತೆರೆದಿರಬೇಕಾದರೂ ಹೆಸರು, ದಸ್ತಾವೇಜು, ಸಮಿತಿ ಮತ್ತು ಸಮಿತಿಯಲ್ಲಿ ಆಕಳಿಸುತ್ತಲೇ ಕೂರುವ ಜನ ಬೇಕಾಗುತ್ತಾರೆ.

ಹಾಗಿದ್ದರೂ ಈ ಕೂಟವನ್ನು ಮುಚ್ಚಿಬಿಡಿ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಆಸ್ಪತ್ರೆಯ ಆ ರಾತ್ರಿಗಳನ್ನು ಹಳೆಯ ಸಭೆ ಕಾಯಲಿಲ್ಲ. ತೀರಿಕೊಂಡ ಆ ಹಿರಿಯರು ಸಭೆಗೆ ಬರುವುದನ್ನು ನಿಲ್ಲಿಸಿದಾಗ ಕಾರಣ ಕೇಳಲೂ ಯಾರೂ ಹೋಗಿರಲಿಲ್ಲ. ರಿಜಿಸ್ಟರಿನಲ್ಲಿ ಹೆಸರು ಕಾಪಾಡುವ ಸಭೆ ಹೆಸರಿನ ಹಿಂದಿನ ಮನುಷ್ಯನನ್ನು ಕಳೆದುಕೊಂಡಿತ್ತು. 1743ರ ವುರ್ಟೆಂಬರ್ಗಿನ ಏರ್ಪಾಡಿನಲ್ಲಿ ಅಧಿಕಾರದ ಅಹಂಕಾರವೂ ಇತ್ತು, ಒಪ್ಪುತ್ತೇನೆ. ಆದರೂ ಅಂಥದೊಂದು ಏರ್ಪಾಡನ್ನು ನಮ್ಮ ಸಭಾಪಾಲಕರೂ ಈ ಕೂಟದ ಹಿರಿಯರೂ ಒಂದು ಸಂಜೆ ಗಂಜಿಯ ಮುಂದೆ ಕೂತು ಮಾತಾಡಿಕೊಳ್ಳಬಹುದು. ಸಭೆಯ ಕಡೆಯಿಂದ ಕೇಳಬೇಕಾದದ್ದು ಸಣ್ಣದು: ಪ್ರಸಂಗದ ಬಳಿಕ ಹತ್ತು ನಿಮಿಷ ಪ್ರಶ್ನೆಗೆ ಬಿಡಲಿ, ಲೆಕ್ಕವನ್ನು ವರ್ಷಕ್ಕೊಮ್ಮೆ ಅಚ್ಚು ಹಾಕಿಸಿ ಹಂಚುವ ಬದಲು ತಿಂಗಳಿಗೊಮ್ಮೆ ನೋಟೀಸು ಬೋರ್ಡಿಗೆ ಅಂಟಿಸಲಿ, ತಿಂಗಳಿಗೊಂದು ಭಾನುವಾರ ಕಾಫಿ ಬಿಸ್ಕತ್ತಿನ ಬದಲು ಕೂತು ಊಟ ಮಾಡಲಿ. ಕೂಟದ ಕಡೆಯಿಂದ ಕೇಳಬೇಕಾದದ್ದು ಇದಕ್ಕಿಂತ ದೊಡ್ಡದು. ಕರೆಯದೆ ಬಂದವರನ್ನೂ ಇಷ್ಟವಾಗದವರನ್ನೂ ಅದು ಸೇರಿಸಿಕೊಳ್ಳಬೇಕು, ಜಗಳವಾಡಿ ಹೋದ ಕುಟುಂಬದ ಮನೆಗೆ ಯಾರಾದರೂ ಹೋಗಬೇಕು, ಡಬ್ಬಿಯಲ್ಲೊಂದು ಪಾಲು ಆ ದಫನಭೂಮಿಯ ಗೋಡೆಗೂ ಸೇರಬೇಕು. ಕೊನೆಯದನ್ನು ನಾನು ಸೂಚಿಸಿದಾಗ ಒಪ್ಪಿದವರು ಅರ್ಧದಷ್ಟು ಮಂದಿ.

ಹೋಗಿ ನೋಡಬಯಸುವವರಿಗೆ ಕೆಲವು ಮಾಹಿತಿಗಳು. ಭಾನುವಾರ ಸಂಜೆ ಐದಕ್ಕೆ ಆರಂಭ, ಊಟ ಏಳಕ್ಕೆ. ಎಂಟೂವರೆಗೆ ಪಾತ್ರೆ ತೊಳೆದು ಮುಗಿಯುತ್ತದೆ. ಪರಿಚಯದವರ ಮೂಲಕವೇ ಹೋಗಬೇಕು. ಹೆಸರಿಲ್ಲದ ಕಾರಣ ವಿಳಾಸವನ್ನು ಇಲ್ಲಿ ಬರೆಯಲು ಅವರು ಒಪ್ಪಲಿಲ್ಲ. ಪಾರ್ಕಿಂಗಿಗೆ ಜಾಗವಿಲ್ಲ, ಬಸ್ಸೇ ವಾಸಿ. ಒಂದು ಪದಾರ್ಥ ಮಾಡಿಕೊಂಡು ಹೋಗಿ, ಅಡುಗೆಮನೆಯ ಬಾಗಿಲು ಮುಚ್ಚಿದ್ದರೆ ತೆರೆದು ನೋಡಿ. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗುವುದಾದರೆ ವಾರದ ಮುಂಚೆ ತಿಳಿಸಿ. ಜೆಪ್ಪುವಿನಲ್ಲಿ ಮೆಟ್ಟಿಲಿಲ್ಲದ ಹೆಂಚಿನ ಮನೆಯೊಂದು ಸದಸ್ಯರದ್ದೇ ಇದೆ, ಕೇಳಿದರೆ ಆ ವಾರ ಅಲ್ಲಿ ಕೂಡುತ್ತಾರೆ. ಇದುವರೆಗೆ ಕೇಳಿದವರು ಕಡಿಮೆ.